ಎರಡು ಪೈಥಾನ್, ಎಂಬತ್ತು ಸೆಂಟ್ ಮಳೆ

ಮನುಷ್ಯರು ಹೇಳಿದ ಮಾತು ಕೇಳುವುದಿಲ್ಲ, ಕಂಪ್ಯೂಟರಾದರೆ ಹೇಳಿದಷ್ಟು ಕೇಳುತ್ತದೆ ಎಂಬ ಭರವಸೆಯಿಂದ ಈ ಕೆಲಸಕ್ಕೆ ಸೇರಿದವಳು ನಾನು. ಆಲೂರಿನ ಒಂದು ತರಬೇತಿ ಕೇಂದ್ರದಲ್ಲಿ ಪಾಠ ಹೇಳುತ್ತ ಹೇಳುತ್ತ ತಿಳಿದದ್ದು ಇಷ್ಟೇ: ನನಗೂ ಕಂಪ್ಯೂಟರಿಗೂ ನಡುವೆ ಇನ್ನೊಬ್ಬ ಮನುಷ್ಯ ಇದ್ದೇ ಇರುತ್ತಾನೆ, ಅವನ ದೆಸೆಯಿಂದ ಏನಾದರೊಂದು ಆಗುತ್ತಲೇ ಇರುತ್ತದೆ. ನನಗೆ ಮೊದಲೇ ಸಿಟ್ಟು ಮೂಗಿನ ತುದಿಯಲ್ಲಿ. ಆಗ ಸಿಟ್ಟು ತರಿಸಿದ ಪ್ರಸಂಗಗಳೇ ಈಗ ಒಬ್ಬಳೇ ಬಸ್ಸಿನಲ್ಲಿ ಕೂತಾಗ ನೆನಪಾಗಿ ನಗು ತರಿಸುತ್ತವೆ. ಪಕ್ಕದಲ್ಲಿ ಕೂತವರು ಸ್ವಲ್ಪ ಸರಿದು ಕೂರುತ್ತಾರೆ.

ಹಳೇದು ಇರ್ಲಿ ಬಿಡಿ

ಪೈಥಾನ್ ಅಂದರೆ ಕಂಪ್ಯೂಟರಿಗೆ ಕೆಲಸ ಹೇಳುವ ಒಂದು ಭಾಷೆ. ನಾವು ಬರೆದ ಸ್ಕ್ರಿಪ್ಟನ್ನು ಓದಿ ಕೆಲಸ ಮಾಡಿಸುವುದಕ್ಕೆ ಒಳಗೊಂದು ಇಂಟರ್‌ಪ್ರಿಟರ್ ಇರಬೇಕು, ತೋಟಕ್ಕೆ ಮೇಸ್ತ್ರಿ ಇದ್ದ ಹಾಗೆ. ನಮ್ಮ ಕೇಂದ್ರದ ಕಂಪ್ಯೂಟರುಗಳಲ್ಲಿ ಇಬ್ಬರು ಮೇಸ್ತ್ರಿಗಳಿದ್ದರು. ಟರ್ಮಿನಲ್ ಎಂಬ ಕರಿ ಪರದೆಯಲ್ಲಿ ಬರೀ ‘ಪೈಥಾನ್’ ಎಂದು ಹೊಡೆದರೆ ಹಳೆಯ ಎರಡನೇ ವರ್ಷನ್ ಎದ್ದು ಬರುತ್ತಿತ್ತು. ‘ಪೈಥಾನ್ ತ್ರೀ’ ಎಂದು ಹೊಡೆದರೆ ಹೊಸ ಮೂರನೆಯದು. ನಾನು ಕಲಿಸುವುದೆಲ್ಲ ಮೂರನೆಯದನ್ನು. ಹುಡುಗರು ಮರೆತು ಎರಡನೆಯದನ್ನು ಎಬ್ಬಿಸುವುದು, ಪರದೆ ತುಂಬ ತಪ್ಪುಗಳು ಸುರಿಯುವುದು, ನಾನು ಕಿರುಚುವುದು, ಇದು ದಿನಚರಿ.

“ಆ ಹಳೇದನ್ನ ತೆಗೆದುಹಾಕೋಣ ಸಾರ್” ಎಂದು ಕೇಂದ್ರದ ಮಾಲೀಕರಿಗೆ ಹೇಳಿದೆ. ಅವರು ಕಡ್ಡಿ ಮುರಿದ ಕೊಡೆಯನ್ನೂ ಬಿಸಾಡದ ಜನ.

“ಅದೇನು ನಿಮ್ಮನ್ನ ಅನ್ನ ಕೇಳ್ತೈತಾ ಮೇಡಂ? ಒಂದು ಮೂಲೇಲಿ ಬಿದ್ದಿರ್ಲಿ ಬಿಡಿ. ಹೊಸದು ಕೆಟ್ಟೋದ್ರೆ ಬೇಕಾಗ್ತದೆ.”

ಒಂದು ದಿನ ಪಾಳ್ಯದ ಕಡೆಯಿಂದ ಒಬ್ಬ ವಿದ್ಯಾರ್ಥಿನಿಯ ತಂದೆ ಬಂದು ಮಗಳ ಬೆನ್ನ ಹಿಂದೆ ನಿಂತರು. ಕರಿ ಪರದೆ ನೋಡಿ ಅವರ ಮುಖ ಸಪ್ಪಗಾಯಿತು. “ಏನಮ್ಮ ಇದು, ಕರೆಂಟ್ ಹೋಗ್ಬುಟ್ಟಂಗೆ ಐತೆ? ನಮ್ಮ ಭಾವನ ಮಗನ ಕಂಪ್ಯೂಟ್ರಾಗೆ ಎಷ್ಟ್ ಚೆಂದ ಜಲಪಾತ ಬೀಳ್ತೈತೆ!” ಕೆಲಸ ಕಲಿಯುವ ಪರದೆ ಹೀಗೇ ಇರುತ್ತದೆ ಎಂದು ನಾನು ಹೇಳಿದ್ದು ಅವರಿಗೆ ರುಚಿಸಲಿಲ್ಲ. ಅವರಿಗಿಂತ ಹೆಚ್ಚು ಹೆದರಿದವರು ನಮ್ಮ ಮಾಲೀಕರು. ಮರುದಿನ ನಾನು ಬರುವಷ್ಟರಲ್ಲಿ ಎಲ್ಲ ಟರ್ಮಿನಲ್ಲುಗಳ ಹಿಂದೆಯೂ ಜಲಪಾತ. ಬಿಳಿ ನೊರೆಯ ಮೇಲೆ ಬಿಳಿ ಅಕ್ಷರ. ಹುಡುಗರು ಆ ವಾರ ಪೂರ್ತಿ ಪಕ್ಕದ ಬಂಡೆಯ ಮೇಲೆ ಬಿದ್ದ ಅಕ್ಷರಗಳನ್ನು ಮಾತ್ರ ಓದಿಕೊಂಡರು.

ಆ ತಂದೆ ಮತ್ತೆ ಬಂದು ನೋಡಿ, ತೃಪ್ತಿಯಿಂದ ತಲೆಯಾಡಿಸಿ ಹೇಳಿದರು: “ಹಾಂ, ಈಗ ಪಾಠ ಸುರುವಾಗೈತೆ.”

ಮೈನಸ್ ಐದು ಸೆಂಟ್

ಹೊಂಗಡಹಳ್ಳದ ದಾರಿಯಲ್ಲಿ ಕೆಲವು ಸಣ್ಣ ಕಾಫಿ ಬೆಳೆಗಾರರ ಒಂದು ಸಂಘವಿದೆ. ಎಲ್ಲರಿಗೂ ಸೇರಿ ಒಂದೇ ಒಂದು ಸ್ಪ್ರಿಂಕ್ಲರ್ ಸೆಟ್ಟು, ಪಂಪು ಮತ್ತು ಪೈಪುಗಳು. ಬೇಸಿಗೆಯಲ್ಲಿ ಹೂಮಳೆ ಒಂದಿಂಚಿನಷ್ಟು ಬಿದ್ದರೆ ಕಾಫಿ ಮೊಗ್ಗು ಒಟ್ಟಿಗೆ ಅರಳುತ್ತದೆ. ಕಡಿಮೆ ಬಿದ್ದರೆ ಉಳಿದಷ್ಟು ನೀರನ್ನು ಸ್ಪ್ರಿಂಕ್ಲರಿನಿಂದ ಹಾರಿಸಿ ತುಂಬಬೇಕು. ಹಾಗಾಗಿ ಹೂಮಳೆ ಬಿದ್ದ ಮರುದಿನ ಸೆಟ್ಟು ಮೊದಲು ಯಾರಿಗೆ ಎಂದು ಪ್ರತಿ ವರ್ಷವೂ ಜಗಳ.

ಸಂಘದ ಅಧ್ಯಕ್ಷರ ಹೆಂಡತಿಯ ತವರು ಪಾಳ್ಯ. ಅಲ್ಲಿಗೆ ಹೋಗುವಾಗ ಅಧ್ಯಕ್ಷರು ಆಲೂರಿನಲ್ಲಿ ಇಳಿದು ನಮ್ಮ ಕೇಂದ್ರಕ್ಕೆ ಬಂದರು. “ಮನುಷ್ಯರು ಹೇಳಿದ್ರೆ ಹೊಡೆದಾಟ ಆಗ್ತದೆ ಮೇಡಂ. ಮೆಷಿನ್ ಹೇಳ್ಬೇಕು. ಯಾರಿಗೆ ಕಮ್ಮಿ ಮಳೆ ಬಿದ್ದೈತೋ ಅವರಿಗೆ ಮೊದಲು. ಅಂಥದ್ದೊಂದು ಬರೆದುಕೊಡಿ. ಮೆಷಿನ್ ಹೇಳಿದ್ಮೇಲೆ ಯಾರೂ ನನ್ನ ಬಯ್ಯಂಗಿಲ್ಲ.”

“ಮತ್ತೆ ಯಾರನ್ನ ಬಯ್ತಾರೆ?”

“ನಿಮ್ಮನ್ನ” ಎಂದರು, ಏನೂ ಮುಚ್ಚಿಡದೆ.

ಅವರ ಪ್ರಾಮಾಣಿಕತೆಗೆ ಸೋತು ಸ್ಕ್ರಿಪ್ಟ್ ಬರೆದೆ. ಕೇಂದ್ರದ ಒಂದು ಹಳೆಯ ಕಂಪ್ಯೂಟರನ್ನು ಮಾಲೀಕರು ಅವರಿಗೇ ಕೊಟ್ಟರು, ಒಳಗಿದ್ದ ಇಬ್ಬರು ಮೇಸ್ತ್ರಿಗಳ ಸಮೇತ.

ನಮ್ಮ ಕಡೆ ಮಳೆಯನ್ನು ಇಂಚು, ಸೆಂಟುಗಳಲ್ಲಿ ಹೇಳುತ್ತಾರೆ. ನೂರು ಸೆಂಟಿಗೆ ಒಂದಿಂಚು. ಆಷಾಢದಲ್ಲಿ ಇದೇ ಜನ, “ನಿಮಗೆ ಬರೀ ಮೂರಿಂಚಾ? ನಮಗೆ ಐದು ಕಣ್ರೀ” ಎಂದು ಪಕ್ಕದ ತೋಟದವರ ಮುಂದೆ ಮೀಸೆ ತಿರುವುತ್ತಾರೆ. ಆದರೆ ಕಡಿಮೆ ಮಳೆಯವರಿಗೆ ಸೆಟ್ಟು ಮೊದಲು ಎಂದು ತಿಳಿದದ್ದೇ ತಡ, ಎಲ್ಲರ ತೋಟವೂ ಮರುಭೂಮಿಯಾಗಿಬಿಟ್ಟಿತು. ಒಂದು ಸಣ್ಣ ಮಳೆ ಬಿದ್ದ ದಿನ ಪರೀಕ್ಷೆಗೆಂದು ಲೆಕ್ಕ ಕೇಳಿದರೆ ಒಬ್ಬರು ಐದು ಸೆಂಟ್ ಅಂದರು, ಇನ್ನೊಬ್ಬರು ಎರಡು, ಮತ್ತೊಬ್ಬರು ಸೊನ್ನೆ. ಕೊನೆಯಲ್ಲಿ ಕಳಿಸಿದವರು ಮೈನಸ್ ಐದು.

ಫೋನ್ ಮಾಡಿದೆ. “ಮಳೆ ಮೈನಸ್ ಹೆಂಗಾಗ್ತದೆ?”

“ಬರೀ ಮೋಡ ಆಗಿ ಸೆಕೆ ಹೊಡೀತು ಮೇಡಂ. ಇದ್ದ ತೇವಾನೂ ಎತ್ಕಂಡು ಹೋಗ್ಬುಡ್ತು.”

ಅಂದಿನಿಂದ ಹೊಸ ನಿಯಮ: ಮಳೆ ಅಳೆಯುವ ಕೊಳವೆಯ ಫೋಟೋ ಕಳಿಸಬೇಕು, ಪಕ್ಕದಲ್ಲಿ ಸಾಕ್ಷಿಯಾಗಿ ನೆರೆತೋಟದವರು ನಿಂತಿರಬೇಕು. ಸಂಘದಲ್ಲಿ ಅಣ್ಣತಮ್ಮ ಇಬ್ಬರಿದ್ದರು. ಅಪ್ಪನ ಏಳು ಎಕರೆ ಪಾಲಾದಾಗಿನಿಂದ ಮಾತಿಲ್ಲ. ತನಗೆ ಕಡಿಮೆ ಬಂತು, ಅವನಿಗೆ ಹೆಚ್ಚು ಹೋಯಿತು ಎಂದು ಇಬ್ಬರಿಗೂ ಅನುಮಾನ. ದುರದೃಷ್ಟಕ್ಕೆ ಅವರೇ ಒಬ್ಬರಿಗೊಬ್ಬರು ನೆರೆಯವರು. ಅಣ್ಣನ ಫೋಟೋದಲ್ಲಿ ತಮ್ಮ, ತಮ್ಮನ ಫೋಟೋದಲ್ಲಿ ಅಣ್ಣ, ಇಬ್ಬರೂ ಮುಖ ತಿರುಗಿಸಿ. ಅವರ ಫೋಟೋಗಳಲ್ಲಿ ನನಗೆ ಮಳೆಗಿಂತ ಬೆನ್ನೇ ಚೆನ್ನಾಗಿ ಕಾಣುತ್ತಿತ್ತು.

ಬಂಡೆ, ಅಂಗಳ, ಕೀಬೋರ್ಡ್

ಮಾರ್ಚ್‌ನಲ್ಲಿ ನಿಜವಾದ ಹೂಮಳೆ ಬಂತು. ಬೆಳಿಗ್ಗೆ ಫೋಟೋಗಳೆಲ್ಲ ಬಂದವು. ಅಧ್ಯಕ್ಷರಿಗೆ ಎಂಬತ್ತು ಸೆಂಟ್. ಉಳಿದವರಿಗೆ ಅರವತ್ತು, ಎಪ್ಪತ್ತು. ಗುಡ್ಡದ ಮರೆಯಲ್ಲಿದ್ದ ಟೀಚರಮ್ಮನಿಗೆ ಮಾತ್ರ ಹದಿನೈದೇ ಸೆಂಟ್.

ಟೀಚರಮ್ಮ ನಿವೃತ್ತ ಶಾಲಾ ಶಿಕ್ಷಕಿ. ಸಂಘದ ಅರ್ಧ ಜನ ಅವರ ಕೈಯಲ್ಲೇ ಮಗ್ಗಿ ಕಲಿತವರು. ಅವರಿಗಿರುವುದು ಒಂದು ತುಂಡು ರೊಬಸ್ಟಾ ಕಾಫಿ ತೋಟ. ಹದಿನೈದು ಸೆಂಟ್ ಎಂದರೆ ಮಳೆ ಬಾರದೇ ಇದ್ದದ್ದಕ್ಕಿಂತ ಕೆಟ್ಟದ್ದು. ಮೊಗ್ಗಿಗೆ ಎಚ್ಚರವಾಗುತ್ತದೆ, ಅರಳಲು ಶಕ್ತಿ ಇರುವುದಿಲ್ಲ. ಕೂಡಲೇ ನೀರು ಹಾರಿಸದಿದ್ದರೆ ಒಣಗಿ ಉದುರುತ್ತದೆ, ಆ ವರ್ಷದ ಬೆಳೆ ಅಲ್ಲಿಗೆ ಮುಗಿಯಿತು. ಇರಲಿ, ಸ್ಕ್ರಿಪ್ಟ್ ಓಡಿಸಿದರೆ ಮೊದಲು ಬರುವುದು ಅವರ ಹೆಸರೇ ಎಂದು ನಾನು ನಿಶ್ಚಿಂತೆಯಿಂದ ಇದ್ದೆ.

ಅಧ್ಯಕ್ಷರ ಫೋನ್ ಬಂತು. “ಮೇಡಂ, ಆ ಕರಿ ಪರದೆಯಾಗೆ ಏನ್ ಹೊಡೀಬೇಕು ಇನ್ನೊಂದ್ಸಲ ಹೇಳಿ.” ಅವರ ಮನೆಯಲ್ಲಿ ಸಿಗ್ನಲ್ ಇಲ್ಲ. ಫೋನ್ ಹಿಡಿದು ತೋಟದ ಮೇಲಿನ ಬಂಡೆ ಹತ್ತಬೇಕು. ಕಂಪ್ಯೂಟರ್ ಇರುವುದು ಮನೆಯ ಆಫೀಸು ಕೋಣೆಯಲ್ಲಿ, ಅದರ ಮುಂದೆ ಲೆಕ್ಕಪತ್ರ ಬರೆಯುವ ಅವರ ರೈಟರ್. ಆ ಎಸ್ಟೇಟಿಗೆ ರೈಟರ್ ಬೇಕಾದಷ್ಟು ಕೆಲಸವೇನೂ ಇಲ್ಲ, ಆದರೆ ರೈಟರ್ ಇಲ್ಲದಿದ್ದರೆ ಜನ ಎಸ್ಟೇಟ್ ಅನ್ನುವುದಿಲ್ಲ, ತೋಟ ಅಂದುಬಿಡುತ್ತಾರೆ. ಬಂಡೆಗೂ ರೈಟರ್‌ಗೂ ನಡುವೆ ಅಂಗಳದಲ್ಲಿ ಅಧ್ಯಕ್ಷರ ಹೆಂಡತಿ. ನಾನು ಆಲೂರಿನಿಂದ ಬಂಡೆಗೆ ಹೇಳಬೇಕು, ಬಂಡೆ ಅಂಗಳಕ್ಕೆ ಕೂಗಬೇಕು, ಅಂಗಳ ಕಿಟಕಿಗೆ ಹೇಳಬೇಕು.

“ಪೈಥಾನ್ ತ್ರೀ ಅಂತ ಹೊಡೀಬೇಕು. ತ್ರೀ ಬಿಡಬಾರದು. ಆಮೇಲೆ ಸ್ಕ್ರಿಪ್ಟಿನ ಹೆಸರು” ಎಂದೆ. ಅಧ್ಯಕ್ಷರು ಅಕ್ಷರ ಬಿಡದೆ ಕೂಗಿದ್ದು ನನ್ನ ಕಿವಿಗೇ ಕೇಳಿಸಿತು. ಸ್ವಲ್ಪ ಹೊತ್ತಿಗೆ, “ಆಯ್ತು ಮೇಡಂ, ಬಂತು!” ಎಂದು ಫೋನ್ ಇಟ್ಟರು.

ನಡುವೆ ಏನಾಯಿತೆಂದು ತಿಳಿದದ್ದು ಆಮೇಲೆ. ಹೆಂಡತಿ ಕಿಟಕಿಯ ಬಳಿ ಹೋಗಿ ಹೇಳಿದ್ದು, “ಪೈಥಾನ್ ಅಂತ ಹಾಕಿ, ಸಾಕು.” ತ್ರೀ ಏನಾಯಿತಮ್ಮ ಎಂದು ನಾನು ಕೇಳಿದಾಗ ಅವರು ಸ್ವಲ್ಪವೂ ಅಳುಕಲಿಲ್ಲ. “ಇವ್ರು ಯಾವ್ದನ್ನ ಉದ್ದ ಮಾಡ್ದೆ ಹೇಳಿದ್ದಾರೆ ಹೇಳಿ ಮೇಡಂ? ಮದುವೆ ಆದಾಗಿಂದ ಇವ್ರ ಮಾತ್ನಾಗೆ ಅರ್ಧ ತೆಗೆದುಬಿಟ್ಟೇ ನಾನು ಆಳುಗಳಿಗೆ ಹೇಳೋದು. ಎಸ್ಟೇಟ್ ನಡೀತಾ ಇಲ್ವಾ?”

ಎಲ್ಲರಿಗೂ ಸೊನ್ನೆ

ಹಳೆಯ ಪೈಥಾನಿಗೆ ಒಂದು ಚಾಳಿ. ಪೂರ್ಣ ಸಂಖ್ಯೆಯನ್ನು ಪೂರ್ಣ ಸಂಖ್ಯೆಯಿಂದ ಭಾಗಿಸಿದರೆ ಚಿಲ್ಲರೆಯನ್ನು ಸದ್ದಿಲ್ಲದೆ ಎಸೆದುಬಿಡುತ್ತದೆ. ಸೆಂಟನ್ನು ಇಂಚು ಮಾಡಲು ನೂರರಿಂದ ಭಾಗಿಸಬೇಕಲ್ಲ? ಎಂಬತ್ತು ಸೆಂಟ್ ಸೊನ್ನೆ ಇಂಚಾಯಿತು. ಎಪ್ಪತ್ತೂ ಸೊನ್ನೆ, ಹದಿನೈದೂ ಸೊನ್ನೆ. ಎಲ್ಲರೂ ಸಮಾನ ಎಂದ ಮೇಲೆ ರೈಟರ್ ಹೆಸರು ತುಂಬಿದ ಸಾಲಿನಂತೆಯೇ ಸರದಿ ಬಂತು. ರೈಟರ್ ಮೊದಲು ತುಂಬಿದ್ದು ತನ್ನ ಯಜಮಾನರ ಹೆಸರು. ಕೊನೆಗೆ ತುಂಬಿದ್ದು ಟೀಚರಮ್ಮನದು.

ಅಧ್ಯಕ್ಷರು ಬಂಡೆಯಿಂದ ಇಳಿಯುವ ಮೊದಲು ಪಟ್ಟಿ ಕಳಿಸಿದ್ದೇ ತಡ, ಸಂಘದ ವಾಟ್ಸಾಪ್ ಗುಂಪಿನಲ್ಲಿ ಬೆಂಕಿ ಬಿತ್ತು. ಒಬ್ಬರು, “ಅಧ್ಯಕ್ಷರು ಕಂಪ್ಯೂಟರ್‌ಗೂ ಕಾಫಿ ಕುಡಿಸವ್ರೆ” ಎಂದರು. ಆದರೆ ಹೆಚ್ಚಿನವರಿಗೆ ಸರದಿಗಿಂತ ಸೊನ್ನೆಯೇ ಚುಚ್ಚಿತ್ತು. ಹಿಂದಿನ ತಿಂಗಳು ಮೈನಸ್ ಐದು ಕಳಿಸಿದ ಮಹಾನುಭಾವರೇ ಧ್ವನಿಸಂದೇಶದಲ್ಲಿ ಗುಡುಗಿದರು: “ನಮ್ಮ ತೋಟಕ್ಕೆ ಎಪ್ಪತ್ತು ಸೆಂಟ್ ಬಿದ್ದೈತೆ. ಸೊನ್ನೆ ಅನ್ನೋಕೆ ಆ ಮೇಡಂ ಯಾರು? ನಮಗೇನು ಮಾನ ಇಲ್ವಾ?”

ನಾನು, “ಲೆಕ್ಕ ತಪ್ಪಾಗಿದೆ, ಸೆಟ್ಟು ಯಾರೂ ಒಯ್ಯಬೇಡಿ” ಎಂದು ಬರೆದೆ. “ಒಪ್ಕಂಡ್ರು ನೋಡಿ” ಎಂದು ಇನ್ನೊಬ್ಬರು. ಅಧ್ಯಕ್ಷರಿಗೆ ಫೋನ್ ಮಾಡಿದರೆ, ಬಂಡೆಯಿಂದ ಇಳಿದ ಮೇಲೆ ಅವರು ಭೂಲೋಕಕ್ಕೆ ಸಿಗುವವರಲ್ಲ. ಟೀಚರಮ್ಮನ ಫೋನ್ ಬಂತು. ಅವರು ಬಯ್ಯಲಿಲ್ಲ. “ಪೈಪು ಅಧ್ಯಕ್ಷರ ಮನೆ ಕಡೆ ಹೋಗ್ತಾ ಐತಮ್ಮ. ನನ್ನ ಸರದಿ ಬರೋ ಹೊತ್ಗೆ ಮೊಗ್ಗು ಒಣಗಿರ್ತದೆ” ಎಂದರು ಅಷ್ಟೇ. ಬೈದಿದ್ದರೇ ವಾಸಿಯಿತ್ತು.

ನಮ್ಮ ಕ್ರೈಸ್ತರಿಗೆ ಅದು ತಪಸ್ಸುಕಾಲ. ಈಸ್ಟರ್‌ವರೆಗೆ ಕೆಲವರು ಮೀನು ಬಿಡುತ್ತಾರೆ, ಕೆಲವರು ಸಿಹಿ ಬಿಡುತ್ತಾರೆ. ನಾನು ಆ ವರ್ಷ ಸಿಟ್ಟು ಬಿಡುತ್ತೇನೆ ಎಂದು ಸಂಕಲ್ಪ ಮಾಡಿದ್ದೆ. ತರಗತಿಯನ್ನು ಅರ್ಧಕ್ಕೆ ಬಿಟ್ಟು ಹೊರಟವಳನ್ನು ಮಾಲೀಕರು ತಡೆದು, “ಏನಾಯ್ತು ಮೇಡಂ?” ಎಂದರು. “ನಿಮ್ಮ ಹಳೇದು ಕೆಲಸಕ್ಕೆ ಬಂತು ಸಾರ್” ಎಂದೆ.

ಅವರ ಮುಖ ಅರಳಿತು. “ನಾನು ಹೇಳ್ಲಿಲ್ವಾ!”

ನಾನು ಆ ವರ್ಷ ಮೀನು ಬಿಟ್ಟೆ.

ಏಳು ಎಕರೆಯ ಪಾಲು

ಸಕಲೇಶಪುರದಲ್ಲಿ ಬಸ್ ಬದಲಾಯಿಸಿ ಅಧ್ಯಕ್ಷರ ಮನೆ ತಲುಪಿದಾಗ ಅಂಗಳದಲ್ಲಿ ಪೈಪು ತುಂಬಿದ ಪಿಕಪ್ ನಿಂತಿತ್ತು. ಅದರ ಸುತ್ತ ಇಡೀ ಸಂಘ. ಅಣ್ಣ ಪಿಕಪ್ಪಿನ ಮೂತಿಯ ಬಳಿ, ತಮ್ಮ ಬಾಲದ ಬಳಿ. ಟೀಚರಮ್ಮ ಜಗಲಿಯಲ್ಲಿ ಸೆರಗು ಹೊದ್ದು ಕೂತಿದ್ದರು. ಅಧ್ಯಕ್ಷರು ಬೆವರುತ್ತ, “ನಾನೇನೂ ಮಾಡಿಲ್ಲ ಕಣ್ರೋ, ಮೆಷಿನ್ ಹೇಳಿದ್ದು” ಎನ್ನುತ್ತಿದ್ದರು.

ರೈಟರ್‌ನನ್ನು ಎಬ್ಬಿಸಿ, ಕಂಪ್ಯೂಟರನ್ನು ಕಿಟಕಿಯ ಕಡೆ ತಿರುಗಿಸಿ, ‘ಪೈಥಾನ್ ತ್ರೀ’ ಎಂದು ಹೊಡೆದು ಓಡಿಸಿದೆ. ಟೀಚರಮ್ಮ ಮೊದಲು, ಅಧ್ಯಕ್ಷರು ಕೊನೆಗೆ.

“ನೋಡಿದ್ರಾ!” ಎಂದೆ.

ಯಾರೂ ನೋಡುವ ಸ್ಥಿತಿಯಲ್ಲಿರಲಿಲ್ಲ. “ಬೆಳಿಗ್ಗೆ ಒಂದು ಹೇಳ್ತು, ಈಗ ಒಂದು ಹೇಳ್ತೈತೆ. ಕೂತವ್ರಿಗೆ ತಕ್ಕಂಗೆ ಹೇಳೋದಾದ್ರೆ ಅದೆಂಥಾ ಮೆಷಿನ್ನು ಮಾರಾಯ?” ಎಂದು ಎಪ್ಪತ್ತು ಸೆಂಟಿನವರು. “ಟೀಚರಮ್ಮ ಮೇಡಂಗೆ ಹಲಸಿನಹಪ್ಪಳ ಕೊಟ್ಟಿದ್ರು, ನಾನು ಕಂಡಿದ್ದೀನಿ” ಎಂದು ಇನ್ನೊಬ್ಬರು. ಹಪ್ಪಳ ಕೊಟ್ಟಿದ್ದು ನಿಜ. ಮುರಿದಿದ್ದವು, ಅದೂ ನಿಜ.

ಇಂಟರ್‌ಪ್ರಿಟರ್, ಪೂರ್ಣ ಸಂಖ್ಯೆ ಎಂದೆಲ್ಲ ವಿವರಿಸಿದರೆ ಇನ್ನಷ್ಟು ಅನುಮಾನ ಪಡುತ್ತಾರೆ ಅನ್ನಿಸಿತು. “ಆಯ್ತು, ಇದರೊಳಗೆ ಹಳೇ ಎರಡನೇ ವರ್ಷನ್, ಹೊಸ ಮೂರನೇ ವರ್ಷನ್ ಅಂತ ಎರಡಿವೆ. ಎರಡಕ್ಕೂ ಒಂದೇ ಲೆಕ್ಕ ಕೊಡೋಣ. ನೀವೇ ಕೊಡಿ. ಆಸ್ತಿ ಪಾಲು ಮಾಡಿದ ಹಂಗೆ” ಎಂದೆ. ಯಾರೋ ಕಿಡಿಗೇಡಿ ಹಿಂದಿನಿಂದ, “ಏಳು ಎಕರೆ, ಇಬ್ಬರು ಮಕ್ಕಳು!” ಎಂದ. ಅಣ್ಣತಮ್ಮ ಇಬ್ಬರೂ ನೆಲ ನೋಡಿದರು.

ಹೊಸ ಪೈಥಾನಿಗೆ ಕೊಟ್ಟೆ: ಮೂರೂವರೆ. ಹಳೆಯದಕ್ಕೆ ಕೊಟ್ಟೆ: ಮೂರು.

“ಒಬ್ಬೊಬ್ಬರಿಗೂ ಮೂರಾ?” ಎಂದು ಅಧ್ಯಕ್ಷರು ಕನ್ನಡಕ ಏರಿಸಿದರು. “ಹಂಗಾರೆ ಇನ್ನೊಂದು ಎಕರೆ ಎಲ್ಲಿ ಹೋಯ್ತು?”

“ಎಸೆದುಬಿಡ್ತು. ನಿಮ್ಮ ಎಂಬತ್ತು ಸೆಂಟ್ ಮಳೇನೂ ಹಿಂಗೇ ಎಸೆದದ್ದು.”

ಎಸೆಯುವುದು! ಎಕರೆಯನ್ನು! ಗದ್ದೆ ಬದುವಿನ ಒಂದು ಗೇಣಿಗೆ ವರ್ಷಗಟ್ಟಲೆ ಕೋರ್ಟಿಗೆ ಅಲೆದವರು ಅವರೆಲ್ಲ. ಮಳೆಯ ಲೆಕ್ಕ ಹೋದಾಗ ಬಾರದ ಸಂಕಟ ಆಗ ಎಲ್ಲರ ಮುಖದಲ್ಲೂ ಬಂತು. ಟೀಚರಮ್ಮ ಜಗಲಿಯಿಂದ ಎದ್ದು ಬಂದು ಪರದೆಯನ್ನು ದಿಟ್ಟಿಸಿದರು. “ಶೇಷ ಬರೀದೇ ಭಾಗಾಕಾರ ಮಾಡೈತೆ” ಎಂದು ಅಧ್ಯಕ್ಷರ ಕಡೆ ತಿರುಗಿ, “ನೀನೂ ಹಿಂಗೇ ಮಾಡ್ತಿದ್ದೆ ಕಣೋ. ಎಷ್ಟು ಸಲ ಬೆಂಚಿನ ಮೇಲೆ ನಿಲ್ಲಿಸಿದ್ದೀನಿ” ಎಂದರು. ಅಧ್ಯಕ್ಷರು ಅರಿವಿಲ್ಲದೆ ಕೈಕಟ್ಟಿ ನಿಂತರು.

ಆಗ ಪಿಕಪ್ಪಿನ ಬಾಲದ ಕಡೆಯಿಂದ ಒಂದು ದನಿ, ಎಷ್ಟೋ ವರ್ಷಗಳಿಂದ ಆ ದಿಕ್ಕಿಗೆ ಹೋಗದಿದ್ದ ದನಿ: “ಅಣ್ಣ.”

ಅಣ್ಣ ತಿರುಗಿದರು.

“ನನಗೂ ಕಮ್ಮಿ ಬಂತು, ನಿಂಗೂ ಕಮ್ಮಿ ಬಂತು ಅಂತೀಯಲ್ಲ. ನಮ್ಮ ಪಾಲು ಮಾಡ್ದಾಗ್ಲೂ ಹಳೇದನ್ನೇ ಹಾಕಿರ್ಬೇಕು ಕಣಣ್ಣ.”

ಅಣ್ಣ ಪಿಕಪ್ಪಿನ ಮೂತಿ ಬಿಟ್ಟು ಎರಡು ಹೆಜ್ಜೆ ಈಚೆ ಬಂದರು. “ಹಂಗಾರೆ ಆ ಒಂದೆಕರೆ ನೀನು ತಗಂಡಿಲ್ವಾ?”

“ನಾನೆಲ್ಲಿ ತಗಳ್ಳಿ? ನೀನು ತಗಂಡೆ ಅಂತ ಅಂದ್ಕಂಡಿದ್ದೆ ನಾನು!”

ಹಾಗಲ್ಲ, ಪಾಲು ಮಾಡುವುದಕ್ಕೂ ಪೈಥಾನಿಗೂ ಸಂಬಂಧವಿಲ್ಲ ಎಂದು ಹೇಳಲು ನಾನು ಬಾಯಿ ತೆರೆದೆ. ಟೀಚರಮ್ಮ ನನ್ನ ತೋಳು ಚಿವುಟಿದರು. “ಸುಮ್ನಿರಮ್ಮ. ಮಾತಾಡ್ತಾವ್ರೆ.”

ಅಧ್ಯಕ್ಷರು ಪಿಕಪ್ಪಿಗೆ ಕೈ ಬೀಸಿ, “ಟೀಚರಮ್ಮನ ತೋಟಕ್ಕೆ ಹೊಡಿ!” ಎಂದರು. ಅಣ್ಣತಮ್ಮ ಇಬ್ಬರೂ ಹಿಂದೆ ಹತ್ತಿ ಪೈಪಿನ ಮೇಲೆ ಒಟ್ಟಿಗೆ ಕೂತು ಹೊರಟರು. ನಾನು ಕಂಪ್ಯೂಟರಿನಿಂದ ಹಳೆಯ ಪೈಥಾನನ್ನು ಕಿತ್ತುಹಾಕಿ, ಇನ್ನು ಮೇಲೆ ಬರೀ ‘ಪೈಥಾನ್’ ಎಂದರೂ ಹೊಸದೇ ಬರುವ ಹಾಗೆ ಮಾಡಿದೆ. ಸಂಸಾರ ತಿದ್ದುವುದಕ್ಕಿಂತ ಕಂಪ್ಯೂಟರ್ ತಿದ್ದುವುದು ಸುಲಭ.

ಸರ್ವೆಯವರ ಫೋನ್

ಎಂಟೊಂಬತ್ತು ದಿನಕ್ಕೆ ಟೀಚರಮ್ಮ ಫೋಟೋ ಕಳಿಸಿದರು. ತೋಟ ಪೂರ್ತಿ ಬೆಳ್ಳಗೆ ಅರಳಿತ್ತು, ರೆಂಬೆ ರೆಂಬೆಗೂ ಹೂ. ಸುಳ್ಳೇಕೆ ಹೇಳಲಿ, ನನಗೆ ಕಣ್ಣು ತುಂಬಿತು. ತರಗತಿಯಲ್ಲಿ ಎಲ್ಲರಿಗೂ ತೋರಿಸಿದೆ. ಅದನ್ನೇ ನೋಡುತ್ತ ಕೂತಿದ್ದಾಗ ಗೊತ್ತಿಲ್ಲದ ನಂಬರಿನಿಂದ ಫೋನ್.

“ಮೇಡಂ, ನಾನು ಸರ್ವೆ ಆಫೀಸಿಂದ ಮಾತಾಡೋದು. ನೀವು ಕಂಪ್ಯೂಟರ್ ಮೇಡಮ್ಮಾ? ಇಲ್ಲಿ ಅಣ್ಣತಮ್ಮ ಇಬ್ರು ಒಂದೇ ಬೈಕಲ್ಲಿ ಬಂದು ಬೆಳಿಗ್ಗೆಯಿಂದ ಕೂತವ್ರೆ. ಅನುಮಾನ ಇದ್ರೆ ನಮ್ಮ ಮೇಡಂನ ಕೇಳಿ ಅಂತ ನಿಮ್ಮ ನಂಬರ್ ಕೊಟ್ರು.”

ನಾನು ಎದ್ದು ಹೊರಗೆ ಬಂದೆ. “ಜಗಳ ಏನಾದ್ರೂ ಮಾಡ್ತಿದ್ದಾರಾ?”

“ಅಯ್ಯೋ ಇಲ್ಲ, ಒಂದೇ ಲೋಟದಲ್ಲಿ ಟೀ ಹಂಚ್ಕಂಡು ಕುಡೀತಾವ್ರೆ. ನಮ್ಮ ಪಾಲು ಯಾವ ವರ್ಷನ್ನಲ್ಲಿ ಅಳೆದ್ರಿ ಹೇಳಿ, ಅಲ್ಲೀತನಕ ಎದ್ದೇಳಲ್ಲ ಅಂತಾವ್ರೆ. ನಾನೂ ಹೇಳಿ ಹೇಳಿ ಸಾಕಾಯ್ತು ಮೇಡಂ. ಆಗ ಇಲ್ಲಿ ಕಂಪ್ಯೂಟರೇ ಇರ್ಲಿಲ್ಲ ಕಣ್ರೀ, ಕಬ್ಬಿಣದ ಚೈನ್ ಹಿಡಿದು ನಡೆದು ಅಳೆದಿದ್ದು ಅಂದೆ.”

“ಮತ್ತೆ? ಸರಿಯಾಯ್ತಲ್ಲ?”

“ಎಲ್ಲಿ ಸರಿ ಮೇಡಂ? ಇಬ್ರೂ ಒಬ್ರ ಮುಖ ಒಬ್ರು ನೋಡ್ಕಂಡು, ‘ಆಯ್ತು, ಆ ಚೈನು ಎರಡನೇ ವರ್ಷನ್ನಾ, ಮೂರನೇದಾ, ಅಷ್ಟು ಹೇಳ್ಬುಡಿ’ ಅಂತಾವ್ರೆ!”